ಡಬ್ಬ ಕೊಂಡಾಯ್ತು, ಅಪ್‌ಡೇಟ್‌ಗೂ ದುಡ್ಡು ಕೊಡಬೇಕಾ?

2017ರಲ್ಲಿ ಅಕಾಯ್ ಕಂಪನಿ ಎಂಪಿಸಿ ಲೈವ್ ಎಂಬ ಯಂತ್ರ ತಂದಿತು. ಬೀಟ್ ಕಟ್ಟಲು, ಸ್ಯಾಂಪಲ್ (ಮೊದಲೇ ದಾಖಲಿಸಿದ ಧ್ವನಿಯ ತುಣುಕು) ನುಡಿಸಲು, ಕಂಪ್ಯೂಟರ್ ಮುಟ್ಟದೆ ಇಡೀ ಹಾಡು ಮುಗಿಸಲು ಆಗುವಂಥ ಪೆಟ್ಟಿಗೆ ಅದು. ಏಳೆಂಟು ವರ್ಷ ಕಳೆದ ಮೇಲೆ ಕಂಪನಿ ಎಂಪಿಸಿ 3 ಎಂಬ ಹೊಸ ಸಾಫ್ಟ್‌ವೇರ್ ಬಿಟ್ಟಿತು. ಕೆಲಸ ಮಾಡುವ ರೀತಿಯೇ ಬದಲಾಗುವಷ್ಟು ದೊಡ್ಡ ಬದಲಾವಣೆ. 2017ರ ಹಳೇ ಪೆಟ್ಟಿಗೆ ಇಟ್ಟುಕೊಂಡವರಿಗೂ ಅದು ಉಚಿತವಾಗಿ ಸಿಕ್ಕಿತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ, 2024ರಲ್ಲಿ, ರೋಲ್ಯಾಂಡ್ ಕಂಪನಿ ಫ್ಯಾಂಟಮ್ ಇಎಕ್ಸ್ ಕೀಬೋರ್ಡ್ ತಂದಿತು. ಹಳೇ ಫ್ಯಾಂಟಮ್ ಇದ್ದವರು ಕೂಡ ಅದರ ಹೊಸ ಗುಣಗಳನ್ನು ತಮ್ಮ ಕೀಬೋರ್ಡ್‌ಗೆ ಹಾಕಿಕೊಳ್ಳಬಹುದು ಎಂದಿತು. ಆದರೆ ದುಡ್ಡು ಕೊಟ್ಟು.

ಮೊದಲನೆಯದನ್ನು ಕಂಡು ಖುಷಿಪಡುವುದು, ಎರಡನೆಯದನ್ನು ಕಂಡು ಮುಖ ಗಂಟು ಹಾಕುವುದು ಸಹಜ. ಆದರೆ ಎರಡನೆಯದರಲ್ಲಿ ನನಗೆ ಅನ್ಯಾಯವೇನೂ ಕಾಣುವುದಿಲ್ಲ. ಅಪ್‌ಡೇಟ್ ಉಚಿತವೋ ಅಲ್ಲವೋ ಎನ್ನುವುದಕ್ಕಿಂತ, ಯಂತ್ರವನ್ನು ಮಾರಿದ ದಿನ ಏನು ಹೇಳಿ ಮಾರಿದರು ಎನ್ನುವುದೇ ದೊಡ್ಡದು. ಹೇಳಿದ್ದನ್ನು ಉಚಿತವಾಗಿಯೇ ಕೊಡಬೇಕು, ಕೆಡದಂತೆ ನೋಡಿಕೊಳ್ಳಬೇಕು. ಹೇಳದೇ ಇದ್ದದ್ದಕ್ಕೆ ಬೆಲೆ ಕಟ್ಟಿದರೆ ಅದು ವ್ಯಾಪಾರ, ಮೋಸವಲ್ಲ.

ಫರ್ಮ್‌ವೇರ್ ಅಂದರೆ ಯಂತ್ರದೊಳಗೆ ಕೂತು ಅದನ್ನು ನಡೆಸುವ ಸಾಫ್ಟ್‌ವೇರ್. ಇವತ್ತಿನ ಎಷ್ಟೋ ಸಿಂಥಸೈಜರ್ (ವಿದ್ಯುತ್ತಿನಿಂದ ನಾದ ಹುಟ್ಟಿಸುವ ವಾದ್ಯ, ಚಿಕ್ಕದಾಗಿ ಸಿಂಥ್), ಡ್ರಮ್ ಮಷೀನ್, ಸ್ಯಾಂಪ್ಲರ್, ನಾದದ ರೂಪ ಬದಲಿಸುವ ಎಫೆಕ್ಟ್ ಪೆಡಲ್‌ಗಳು ಒಳಗೆ ಪುಟ್ಟ ಕಂಪ್ಯೂಟರ್‌ಗಳೇ. ಹೊರಗಿನ ಗುಂಡಿ, ಕೀಲಿಗಳು ಇದ್ದ ಹಾಗೇ ಇರುತ್ತವೆ. ಒಳಗಿನ ಸಾಫ್ಟ್‌ವೇರ್ ಬದಲಾದರೆ ಮಾತ್ರ ವಾದ್ಯದ ಸ್ವಭಾವವೇ ಬದಲಾಗುತ್ತದೆ. ಆರ್ಟೂರಿಯಾ ಕಂಪನಿಯ ಮೈಕ್ರೋಫ್ರೀಕ್ ಸಿಂಥ್ ನೋಡಿ. 2019ರಲ್ಲಿ ಬಂದಾಗ ಅದಕ್ಕೆ ಸ್ಯಾಂಪಲ್ ನುಡಿಸುವ ಶಕ್ತಿ ಇರಲಿಲ್ಲ. 2023ರಲ್ಲಿ ಬಂದ 5ನೇ ಆವೃತ್ತಿ ಸ್ಯಾಂಪಲ್ ಮತ್ತು ಗ್ರ್ಯಾನ್ಯುಲರ್ (ಧ್ವನಿಯನ್ನು ಸಣ್ಣ ಚೂರುಗಳಾಗಿಸಿ ನುಡಿಸುವ) ಎಂಜಿನ್‌ಗಳನ್ನು ಉಚಿತವಾಗಿ ತಂದುಕೊಟ್ಟಿತು. ನಾಲ್ಕು ವರ್ಷ ಮನೆಯಲ್ಲಿದ್ದ ಸಿಂಥ್‌ನಿಂದ ಹಿಂದೆ ಬರಲು ಸಾಧ್ಯವೇ ಇರದಿದ್ದ ನಾದ ಕೇಳುವುದು ಪುಟ್ಟ ಸಂತೋಷವೇನಲ್ಲ.

ಚಿಪ್ ಕಿತ್ತು ಚಿಪ್ ಕೂರಿಸುತ್ತಿದ್ದ ಕಾಲ

ಅಪ್‌ಡೇಟ್‌ಗೆ ದುಡ್ಡು ಕೇಳುವುದು ಈಚಿನ ದುರಾಸೆ ಎಂದು ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ರೋಲ್ಯಾಂಡ್‌ನ 1980ರ ಡ್ರಮ್ ಮಷೀನ್ ಟಿಆರ್-808, 1981ರ ಬೇಸ್ ಸಿಂಥ್ ಟಿಬಿ-303 ಯಂತ್ರಗಳಿಗೆ ಅಪ್‌ಡೇಟ್ ಎಂಬ ಮಾತೇ ಇರಲಿಲ್ಲ. ಕಾರ್ಖಾನೆಯಿಂದ ಹೇಗೆ ಬಂದವೋ ಹಾಗೇ ಉಳಿದವು, ಹಾಗಿದ್ದೇ ಇಡೀ ಸಂಗೀತ ಪ್ರಕಾರಗಳಿಗೆ ಬುನಾದಿಯಾದವು. ನಂತರ ಬಂದ ಎಷ್ಟೋ ಯಂತ್ರಗಳಲ್ಲಿ ಸಾಫ್ಟ್‌ವೇರ್ ಇಪ್ರಾಮ್ ಎಂಬ ಚಿಪ್‌ನೊಳಗೆ ಇರುತ್ತಿತ್ತು. ಹೊಸ ಆವೃತ್ತಿ ಬೇಕೆಂದರೆ ಹೊಸ ಚಿಪ್ ತರಿಸಿಕೊಳ್ಳಬೇಕು, ಸ್ಕ್ರೂ ಬಿಚ್ಚಬೇಕು, ಹಳೇದನ್ನು ಕಿತ್ತು ಹೊಸದನ್ನು ಕೂರಿಸಬೇಕು. ಚಿಪ್‌ಗೆ, ಅಂಚೆಗೆ, ಕೆಲವೊಮ್ಮೆ ರಿಪೇರಿಯವರ ಕೈಗೆ ದುಡ್ಡು ಹೋಗುತ್ತಿತ್ತು. ಯಾರಿಗೂ ಅದು ವಿಚಿತ್ರ ಅನ್ನಿಸುತ್ತಿರಲಿಲ್ಲ.

ರೋಜರ್ ಲಿನ್ ವಿನ್ಯಾಸ ಮಾಡಿದ ಎಂಪಿಸಿ60 ಯಂತ್ರ 1988ರದ್ದು. ನಂತರ ಬಂದ ಎಂಪಿಸಿ3000ರ ಹಲವು ಅನುಕೂಲಗಳನ್ನು ಅವರೇ ಈ ಹಳೇ ಎಂಪಿಸಿ60ಗೆ ಹೊಂದಿಸಿದರು, ಅದನ್ನು ಹಣಕ್ಕೆ ಮಾರಿದರು. ಕೊಂಡವರು ಖುಷಿಯಾಗಿಯೇ ಕೊಂಡರು. ಯಾಕೆಂದರೆ ಹೊಸ ಯಂತ್ರಕ್ಕೆ ಹೋಲಿಸಿದರೆ ಅದು ಅಗ್ಗ, ಜೊತೆಗೆ ಹಳೇ ಯಂತ್ರದ ನಾದ ಕೈತಪ್ಪುವುದಿಲ್ಲ. ಯಮಾಹಾದ 1983ರ ಡಿಎಕ್ಸ್7 ಸಿಂಥ್‌ಗೆ ಗ್ರೇ ಮ್ಯಾಟರ್ ರೆಸ್ಪಾನ್ಸ್ ಎಂಬ ಹೊರಗಿನ ಕಂಪನಿ ಒಂದು ಬೋರ್ಡನ್ನೇ ಮಾರುತ್ತಿತ್ತು. ಅದನ್ನು ಒಳಗೆ ಹಾಕಿದರೆ ಯಮಾಹಾ ಕೊಡದ ಗುಣಗಳು ಬರುತ್ತಿದ್ದವು. ಮುಂದೆ ಎಂಪಿಸಿ1000 ಮತ್ತು ಎಂಪಿಸಿ2500 ಬಂದಾಗ ಜೆಜೆ ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಒಬ್ಬ ಡೆವಲಪರ್ ಆ ಯಂತ್ರಗಳಿಗೆ ತಮ್ಮದೇ ಆಪರೇಟಿಂಗ್ ಸಿಸ್ಟಮ್ ಬರೆದರು. ಅದರ ಕೆಲವು ಆವೃತ್ತಿ ಉಚಿತ, ಮುಂದುವರಿದ ಆವೃತ್ತಿಗಳಿಗೆ ಬೆಲೆ. ಕಂಪನಿಯ ಉಚಿತ ಸಾಫ್ಟ್‌ವೇರ್ ಬಿಟ್ಟು ಜನ ಇದಕ್ಕೆ ದುಡ್ಡು ಕೊಟ್ಟರು. ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ಅತಿ ಮುಖ್ಯವಾದ ಸಾಕ್ಷಿ ಇದೇ. ಸಂಗೀತಗಾರರು ಅಪ್‌ಡೇಟ್‌ಗೆ ದುಡ್ಡು ಕೊಡಲು ಹಿಂಜರಿಯುವ ಜನವಲ್ಲ. ಕೊಟ್ಟ ದುಡ್ಡಿಗೆ ನಿಜವಾಗಿ ಏನೋ ಸಿಗುತ್ತಿದೆ ಎಂದು ಗೊತ್ತಾಗಬೇಕು, ಅಷ್ಟೇ.

ಉಚಿತದ ರೂಢಿ ಬಂದದ್ದು ಚಿಪ್ ಹೋಗಿ ಫ್ಲ್ಯಾಶ್ ಮೆಮೊರಿ ಬಂದ ಮೇಲೆ. ಬಿಚ್ಚುವ ಗೊಡವೆ ಇಲ್ಲ, ಫೈಲ್ ಕಳಿಸಿದರೆ ಸಾಕು. ಮೊದಮೊದಲು ಮಿಡಿ (ವಾದ್ಯಗಳು ಒಂದಕ್ಕೊಂದು ಸೂಚನೆ ಕಳಿಸುವ ವ್ಯವಸ್ಥೆ) ಕೇಬಲ್‌ನಲ್ಲೇ ಕಳಿಸಬೇಕಿತ್ತು. ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್, ಅಂದರೆ ಸುಮಾರು 3,125 ಬೈಟ್. 1 ಎಂಬಿ ಫೈಲ್ ಹೋಗಲು ಐದಾರು ನಿಮಿಷ ಬೇಕು. ಅಷ್ಟು ಹೊತ್ತು ಕರೆಂಟ್ ಹೋಗದಿರಲಿ ಎಂದು ಉಸಿರು ಬಿಗಿಹಿಡಿದು ಕೂರಬೇಕು. ಕೊರ್ಗ್ ಮೊನೊಟ್ರೈಬ್‌ಗೆ ಅಪ್‌ಡೇಟ್ ಬಂದದ್ದು ಧ್ವನಿಯ ರೂಪದಲ್ಲಿ. ಒಂದು ಆಡಿಯೊ ಫೈಲನ್ನು ಅದರ ಜ್ಯಾಕ್‌ಗೆ ನುಡಿಸಿದರೆ ಯಂತ್ರ ಹೊಸದನ್ನು ಕಲಿಯುತ್ತಿತ್ತು. ಈಗ ಯುಎಸ್‌ಬಿ, ಎಸ್‌ಡಿ ಕಾರ್ಡ್, ವೈಫೈ. ಕಳಿಸುವ ಖರ್ಚು ಸೊನ್ನೆಗೆ ಇಳಿದಂತೆ, ಬರೆಯುವ ಖರ್ಚೂ ಸೊನ್ನೆ ಎಂಬ ಭಾವನೆ ನಮ್ಮೆಲ್ಲರಲ್ಲಿ ಬೇರೂರಿತು. ನಿಜಕ್ಕೂ ಆ ಖರ್ಚು ಇಳಿದಿಲ್ಲ. ಯಂತ್ರಗಳು ಜಾಸ್ತಿ ಜಟಿಲವಾಗುತ್ತಿವೆ, ಹಾಗಾಗಿ ಅದು ಏರುತ್ತಲೇ ಇದೆ.

ಉಚಿತಕ್ಕೆ ಬೆಲೆ ಕಟ್ಟುವವರು ಯಾರು

ಸಿಂಥ್ ಕಂಪನಿಗೆ ಒಂದು ಯಂತ್ರದಿಂದ ಹಣ ಬರುವುದು ಒಂದೇ ಸಲ. ಅಂಗಡಿಯವರ ಪಾಲು, ಬಿಡಿಭಾಗ, ಸಾಗಾಟ, ತೆರಿಗೆ ಎಲ್ಲ ಕಳೆದು ಉಳಿದದ್ದರಲ್ಲಿ ಮುಂದಿನ ಕೆಲಸ ನಡೆಯಬೇಕು. ಫರ್ಮ್‌ವೇರ್ ಬರೆಯುವವರಿಗೆ ಸಂಬಳ ಮಾತ್ರ ತಿಂಗಳು ತಿಂಗಳು ಕೊಡಬೇಕು. ಐದು ವರ್ಷದ ಹಿಂದೆ ನೀವು ಕೊಂಡ ಯಂತ್ರಕ್ಕೆ ಇವತ್ತು ಅಪ್‌ಡೇಟ್ ಬಂದಿದೆ ಅಂದರೆ, ಅದರ ಹಣ ನಿಮ್ಮಿಂದ ಬಂದದ್ದಲ್ಲ. ಇವತ್ತು ಅದೇ ಯಂತ್ರ ಅಥವಾ ಅದರ ತಮ್ಮನನ್ನು ಕೊಳ್ಳುತ್ತಿರುವವರಿಂದ ಬಂದದ್ದು. ಆ ಮಾರಾಟ ನಿಂತರೆ ಸಾಮಾನ್ಯವಾಗಿ ಅಪ್‌ಡೇಟ್ ಕೂಡ ನಿಲ್ಲುತ್ತದೆ. ಇದು ಯಾರ ಕೆಟ್ಟತನವೂ ಅಲ್ಲ, ಲೆಕ್ಕವೇ ಹಾಗಿದೆ.

ಈ ಲೆಕ್ಕದಿಂದ ಹುಟ್ಟುವ ಒಂದು ಪರಿಣಾಮ ನನ್ನನ್ನು ಚಿಂತೆಗೀಡು ಮಾಡುತ್ತದೆ. ಅಪ್‌ಡೇಟ್‌ನ ಹಣ ಹೊಸ ಗ್ರಾಹಕರಿಂದ ಬರಬೇಕಾದರೆ, ಅಪ್‌ಡೇಟ್ ಹೊಸ ಗ್ರಾಹಕರನ್ನು ಸೆಳೆಯುವಂತಿರಬೇಕು. ಹೊಸ ರಿವರ್ಬ್ (ಪ್ರತಿಧ್ವನಿಯ ಎಫೆಕ್ಟ್), ಹೊಸ ಎಂಜಿನ್, ಹೊಸ ಸೀಕ್ವೆನ್ಸರ್ (ಸ್ವರಗಳ ಕ್ರಮ ನೆನಪಿಟ್ಟು ತಾನೇ ನುಡಿಸುವ ಭಾಗ) ಬಂತೆಂದರೆ ಸುದ್ದಿಯಾಗುತ್ತದೆ, ವಿಡಿಯೊ ಬರುತ್ತದೆ, ಎರಡು ವರ್ಷದ ಹಳೇ ಯಂತ್ರ ಮತ್ತೆ ಹೊಸದರಂತೆ ಮಾರಾಟವಾಗುತ್ತದೆ. ಯಂತ್ರಗಳ ತಾಳ ಒಂದಾಗಿಡುವ ಮಿಡಿ ಕ್ಲಾಕ್ ಸ್ವಲ್ಪ ಅಲುಗುತ್ತಿತ್ತು, ಈಗ ಸರಿಯಾಗಿದೆ ಎಂದರೆ ಯಾರು ವಿಡಿಯೊ ಮಾಡುತ್ತಾರೆ? ವೇದಿಕೆ ಮೇಲೆ ನಿಂತವರಿಗೆ ಬೇಕಾಗಿರುವುದು ಆ ಎರಡನೆಯದೇ. ಕಂಪನಿಗೆ ಲಾಭ ಮೊದಲನೆಯದರಲ್ಲಿ. ಎಷ್ಟೋ ಯಂತ್ರಗಳು ಗುಣಗಳ ಮೇಲೆ ಗುಣ ಪೇರಿಸಿಕೊಂಡೂ ಮೂಲ ದೋಷವನ್ನು ವರ್ಷಗಟ್ಟಲೆ ಹೊತ್ತುಕೊಂಡು ತಿರುಗುವುದಕ್ಕೆ ಇದೊಂದು ದೊಡ್ಡ ಕಾರಣ.

ಅಕಾಯ್‌ನ ಉಚಿತದ ಹಿಂದೆಯೂ ಒಂದು ಲೆಕ್ಕ ಇದೆ. ಎಂಪಿಸಿಯೊಳಗೆ ಹಾಕಿಕೊಳ್ಳುವ, ಸಾಫ್ಟ್‌ವೇರ್ ರೂಪದ ಪ್ಲಗಿನ್ ವಾದ್ಯಗಳನ್ನು, ಎಫೆಕ್ಟ್‌ಗಳನ್ನು ಕಂಪನಿ ಬೇರೆಯಾಗಿ ಮಾರುತ್ತದೆ. ಹಳೇ ಯಂತ್ರ ಹೊಸ ಸಾಫ್ಟ್‌ವೇರ್‌ನಲ್ಲಿ ಓಡುತ್ತಿದ್ದರೆ ಅದರ ಮಾಲೀಕರು ಆ ಪ್ಲಗಿನ್‌ಗಳ ಗ್ರಾಹಕರಾಗಿ ಉಳಿಯುತ್ತಾರೆ. ಅಂದರೆ ಇಲ್ಲಿಯೂ ದುಡ್ಡು ಕೊಡುವವರು ಇದ್ದಾರೆ. ಬೇಕಾದವರು ಕೊಡುತ್ತಾರೆ, ಬೇಡದವರು ಸುಮ್ನೆ ಇರಬಹುದು. ಇದು ನನಗೆ ಒಪ್ಪಿಗೆಯಾಗುವ ಏರ್ಪಾಡು.

ದುಡ್ಡು ಕೇಳುವುದರ ಹಿಂದೆ ಯಾವಾಗಲೂ ಆಸೆಯೇ ಇರುವುದಿಲ್ಲ ಎನ್ನುವುದಕ್ಕೆ ಸಂಗೀತದ ಹೊರಗಿನ ಒಂದು ಉದಾಹರಣೆ ಹೇಳಬಹುದು. ಆ್ಯಪಲ್ ಕಂಪನಿ 2008 ಮತ್ತು 2009ರಲ್ಲಿ ಐಪಾಡ್ ಟಚ್‌ನ ದೊಡ್ಡ ಅಪ್‌ಡೇಟ್‌ಗಳಿಗೆ 9.95 ಡಾಲರ್ ತೆಗೆದುಕೊಂಡಿತು. ಐಫೋನ್‌ಗೆ ಅದೇ ಅಪ್‌ಡೇಟ್ ಉಚಿತ. ಕಾರಣ ಲೆಕ್ಕಪತ್ರದ ನಿಯಮಗಳು. ಮಾರಿದ ವಸ್ತುವಿಗೆ ಮುಂದೆ ಹೊಸ ಗುಣಗಳನ್ನು ಉಚಿತವಾಗಿ ಕೊಡುವುದಾದರೆ, ಮಾರಿದ ಹಣವನ್ನೆಲ್ಲ ಆ ದಿನವೇ ಆದಾಯ ಎಂದು ತೋರಿಸುವಂತಿರಲಿಲ್ಲ. ಐಫೋನ್‌ನ ಆದಾಯವನ್ನು ಅವರು ಎರಡು ವರ್ಷಕ್ಕೆ ಹಂಚಿ ತೋರಿಸುತ್ತಿದ್ದರು, ಐಪಾಡ್‌ನದ್ದನ್ನು ಹಾಗೆ ಮಾಡುತ್ತಿರಲಿಲ್ಲ. 2009ರಲ್ಲಿ ಅಮೆರಿಕದ ನಿಯಮ ಬದಲಾಯಿತು, ಆಮೇಲೆ ಐಪಾಡ್‌ಗೂ ಉಚಿತವಾಯಿತು. ಮುಂದೆ ಕೊಡುವ ಅಪ್‌ಡೇಟ್ ಕೂಡ ಇವತ್ತು ಮಾರಿದ ವಸ್ತುವಿನ ಭಾಗ ಎಂದು ಲೆಕ್ಕಿಗರು ಎಂದೋ ಗುರುತಿಸಿದ್ದರು, ನೋಡಿ.

ದೋಷ, ಕೊಟ್ಟ ಮಾತು, ಹೊಸ ಗುಣ

ಇವು ಮೂರೂ ಬೇರೆ ಬೇರೆ. ಒಂದೇ ಫೈಲ್‌ನಲ್ಲಿ ಕಟ್ಟಿ ಕಳಿಸುವುದರಿಂದ ನಮಗೆ ಒಂದೇ ಎಂಬಂತೆ ಕಾಣುತ್ತವೆ.

ದೋಷ ಸರಿಪಡಿಸಲು ದುಡ್ಡು ಕೇಳುವಂತಿಲ್ಲ. ಇದರಲ್ಲಿ ಚೌಕಾಸಿಯೇ ಇಲ್ಲ. 1984ರಲ್ಲಿ ಬಂದ ಲಿನ್ 9000 ಯಂತ್ರ ಇದಕ್ಕೆ ಹಳೆಯ ಪಾಠ. ಡ್ರಮ್ ಮಷೀನ್ ಮತ್ತು ಮಿಡಿ ಸೀಕ್ವೆನ್ಸರ್ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ತಂದ ಅದ್ಭುತ ಕಲ್ಪನೆ ಅದು. ಆದರೆ ಸಾಫ್ಟ್‌ವೇರ್ ಪಕ್ವವಾಗುವ ಮೊದಲೇ ಹೊರಬಂತು. ದೋಷಗಳಿಂದ ಹೆಸರು ಕೆಟ್ಟಿತು. 1986ರಲ್ಲಿ ರೋಜರ್ ಲಿನ್ ಅವರ ಆ ಕಂಪನಿ ಬಾಗಿಲು ಮುಚ್ಚಿತು. ಅದೇ ಲಿನ್ ಮುಂದೆ ಅಕಾಯ್ ಜೊತೆ ಸೇರಿ ಎಂಪಿಸಿ60 ಮಾಡಿ ಇತಿಹಾಸ ಬರೆದರು ಎನ್ನುವುದನ್ನು ನೆನೆದರೆ, ಕಲ್ಪನೆ ಎಷ್ಟೇ ಚೆನ್ನಾಗಿದ್ದರೂ ಒಳಗಿನ ಕೆಲಸ ಕೈಕೊಟ್ಟರೆ ಏನಾಗುತ್ತದೆ ಎಂದು ತಿಳಿಯುತ್ತದೆ.

ಕೊಟ್ಟ ಮಾತಿನದ್ದು ಇನ್ನೂ ಸೂಕ್ಷ್ಮ. ಎಲೆಕ್ಟ್ರಾನ್ ಕಂಪನಿ 2017ರಲ್ಲಿ ಡಿಜಿಟ್ಯಾಕ್ಟ್ ಎಂಬ ಸ್ಯಾಂಪ್ಲರ್ ತಂದಾಗ, ಕಂಪ್ಯೂಟರ್ ಜೊತೆ ಬೆಸೆಯುವ ಓವರ್‌ಬ್ರಿಡ್ಜ್ ಸೌಲಭ್ಯ ಮುಂದೆ ಬರುತ್ತದೆ ಎಂದು ಹೇಳಿಯೇ ಮಾರಿತು. ಅದು ಬರಲು ಗ್ರಾಹಕರು ವರ್ಷಗಟ್ಟಲೆ ಕಾಯಬೇಕಾಯಿತು. ಬಂದದ್ದೂ ಮೊದಲು ಬೀಟಾ ರೂಪದಲ್ಲೇ. ಅದೇ ಕಂಪನಿ ಅದೇ ಯಂತ್ರಕ್ಕೆ ಹೇಳದೇ ಇದ್ದ ಎಷ್ಟೋ ಗುಣಗಳನ್ನೂ ಉಚಿತವಾಗಿ ಕೊಟ್ಟಿದೆ, ಅದನ್ನು ಮರೆಯಬಾರದು. ಆದರೂ ಬೇಡದೆ ಬಂದ ಹತ್ತು ಉಡುಗೊರೆ, ಬರಬೇಕಾಗಿದ್ದ ಒಂದಕ್ಕೆ ಸಮನಾಗುವುದಿಲ್ಲ. ಓವರ್‌ಬ್ರಿಡ್ಜ್ ನಂಬಿ, ಧ್ವನಿಯನ್ನು ಕಂಪ್ಯೂಟರ್‌ಗೆ ಕಳಿಸುವ ಆಡಿಯೊ ಇಂಟರ್‌ಫೇಸ್ ಕೊಳ್ಳದೆ ಕಾದವರ ಕಷ್ಟ ಆ ಹತ್ತರಿಂದ ನೀಗುವುದಿಲ್ಲ, ಅಲ್ವಾ? ಅದಕ್ಕೇ ನಾನು ಯಾವ ಯಂತ್ರವನ್ನೂ ಮುಂದೆ ಬರಬಹುದಾದ ಗುಣ ನೋಡಿ ಕೊಳ್ಳುವುದಿಲ್ಲ. ಇವತ್ತು ಏನು ಮಾಡುತ್ತದೋ ಅದಕ್ಕೆ ಆ ಬೆಲೆ ಸರಿ ಅನ್ನಿಸಿದರೆ ಮಾತ್ರ ಕೊಳ್ಳುತ್ತೇನೆ.

ಹೊಸ ಗುಣಕ್ಕೆ ಬೆಲೆ ಕಟ್ಟುವುದು ನ್ಯಾಯ. ಆದರೆ ಅದರಲ್ಲೂ ಒಂದು ಸಿಕ್ಕು ಇದೆ. ದೋಷ ಎಲ್ಲಿ ಮುಗಿಯುತ್ತದೆ, ಹೊಸ ಗುಣ ಎಲ್ಲಿ ಶುರುವಾಗುತ್ತದೆ? ಸೀಕ್ವೆನ್ಸರ್‌ನಲ್ಲಿ ಮಾಡಿದ್ದನ್ನು ರದ್ದು ಮಾಡಿ ಹಿಂದಕ್ಕೆ ಮರಳುವ (ಅನ್‌ಡೂ) ಗುಂಡಿ ಇಲ್ಲದಿದ್ದರೆ ಅದು ದೋಷವೋ ಕೊರತೆಯೋ? ಸ್ಯಾಂಪಲ್ ಲೋಡ್ ಆಗಲು ಅರ್ಧ ನಿಮಿಷ ಬೇಕಾದರೆ? ಇಲ್ಲಿ ಮತ್ತೆ ಅದೇ ಅಳತೆಗೋಲು ಕೆಲಸಕ್ಕೆ ಬರುತ್ತದೆ. ಮಾರುವ ದಿನದ ಕೈಪಿಡಿ, ಜಾಹೀರಾತು, ಡಬ್ಬದ ಮೇಲಿನ ಬರಹ ಏನು ಹೇಳಿದವು? ಅವು ಹೇಳಿದ್ದನ್ನು ಯಂತ್ರ ಮಾಡದಿದ್ದರೆ ದೋಷ. ಹೇಳದೇ ಇದ್ದರೆ ಕೊರತೆ ಇರಬಹುದು, ಆದರೆ ಅದನ್ನು ನೋಡಿಯೇ ನಾವು ಕೊಂಡಿದ್ದೇವೆ.

ಒಳಗೇ ಇದ್ದು ಬೀಗ ಹಾಕಿರುವ ಗುಣಗಳ ವಿಷಯ ಬಂದರೆ ಜನ ಜಾಸ್ತಿ ಕೆರಳುತ್ತಾರೆ. ವಾಲ್ಡಾರ್ಫ್ ಬ್ಲೋಫೆಲ್ಡ್ ಸಿಂಥ್‌ನ ಕೀಬೋರ್ಡ್ ಮಾದರಿಯಲ್ಲಿ ಸ್ವಂತ ಸ್ಯಾಂಪಲ್ ಹಾಕಿಕೊಳ್ಳಬಹುದಿತ್ತು. ಮೇಜಿನ ಮೇಲಿಡುವ ಮಾದರಿಯಲ್ಲಿ ಅದಕ್ಕೆ ಬೇರೆ ಲೈಸೆನ್ಸ್ ಕೊಳ್ಳಬೇಕಿತ್ತು. ಇವೆಂಟೈಡ್ ಎಚ್9 ಎಫೆಕ್ಟ್ ಪೆಡಲ್ ಇನ್ನೂ ನೇರ. ಕೋರ್ ಎಂಬುದೂ ಮ್ಯಾಕ್ಸ್ ಎಂಬುದೂ ಒಂದೇ ಯಂತ್ರ, ಎಷ್ಟು ಅಲ್ಗಾರಿದಮ್ (ಎಫೆಕ್ಟ್‌ನ ಬಗೆ) ತೆರೆದಿದೆ ಎನ್ನುವುದರಲ್ಲಿ ಮಾತ್ರ ವ್ಯತ್ಯಾಸ. ಕಡಿಮೆ ಬೆಲೆಗೆ ಕೊಂಡು, ಬೇಕಾದದ್ದನ್ನು ಮಾತ್ರ ಆಮೇಲೆ ಸೇರಿಸಿಕೊಳ್ಳಬಹುದು. ಇದರಲ್ಲಿ ನನಗೆ ತಕರಾರಿಲ್ಲ. ಮೊದಲೇ ಹೇಳಿ ಮಾರಿದ್ದಾರೆ. ನನ್ನ ತಕರಾರು ಇರುವುದು ಲೈಸೆನ್ಸ್ ಯಾರಿಗೆ ಅಂಟಿಕೊಂಡಿದೆ ಎನ್ನುವುದರ ಮೇಲೆ. ಅದು ಯಂತ್ರದ ಕ್ರಮಸಂಖ್ಯೆಗೆ ಅಂಟಿರಬೇಕು, ಕೊಂಡವರ ಆನ್‌ಲೈನ್ ಖಾತೆಗಲ್ಲ. ಸಿಂಥ್‌ಗಳು ಕೈಯಿಂದ ಕೈಗೆ ಹೋಗುವ ವಸ್ತುಗಳು. ಎಷ್ಟೋ ಯುವ ಸಂಗೀತಗಾರರ ಮೊದಲ ವಾದ್ಯ ಇನ್ನೊಬ್ಬರು ಬಳಸಿ ಬಿಟ್ಟದ್ದೇ. ದುಡ್ಡು ಕೊಟ್ಟು ತೆರೆದ ಗುಣ ಮಾರಿದ ತಕ್ಷಣ ಮುಚ್ಚಿಕೊಂಡರೆ ಆ ಇಡೀ ವ್ಯವಹಾರಕ್ಕೇ ಪೆಟ್ಟು.

ಇನ್ನು ತಿಂಗಳ ಚಂದಾ. ಕಂಪ್ಯೂಟರ್‌ನಲ್ಲಿ ಓಡುವ ಸಾಫ್ಟ್‌ವೇರ್‌ಗೆ ಅದು ಇರಲಿ. ಚಂದಾ ಮುಗಿದಾಗ ಒಂದು ನಾದ ಮಾಯವಾಗುವ ವಾದ್ಯವನ್ನು ಮಾತ್ರ ನಾನು ವಾದ್ಯ ಎಂದು ಒಪ್ಪುವುದಿಲ್ಲ. ಐದು ವರ್ಷದ ಹಿಂದೆ ಕಟ್ಟಿದ ಹಾಡು ಐದು ವರ್ಷದ ನಂತರವೂ ಅದೇ ಪೆಟ್ಟಿಗೆಯಲ್ಲಿ ಅದೇ ರೀತಿ ನುಡಿಯಬೇಕು.

ನಿರಂತರ ಅಪ್‌ಡೇಟ್ ಬೇಕು ಎಂದು ಕೂಗುವವರು ಗಮನಿಸದ ಇನ್ನೊಂದು ಮುಖವೂ ಇದೆ. ವಾದ್ಯ ಕಲಿಯುವುದು ಅಂದರೆ ಬೆರಳಿಗೆ ಪಾಠವಾಗುವುದು. ಯಾವ ಗುಂಡಿಯ ಹಿಂದೆ ಏನಿದೆ ಎಂದು ಯೋಚಿಸುವ ಮೊದಲೇ ಕೈ ಅಲ್ಲಿಗೆ ಹೋಗಬೇಕು. ಪ್ರತಿ ಆರು ತಿಂಗಳಿಗೆ ಮೆನು ಬದಲಾದರೆ, ಎರಡು ಗುಂಡಿ ಒಟ್ಟಿಗೆ ಒತ್ತಿದಾಗ ಆಗುತ್ತಿದ್ದದ್ದು ಬೇರೆಯಾದರೆ, ಕೈ ಮತ್ತೆ ಒಂದನೇ ತರಗತಿಗೆ ಬಂದು ನಿಲ್ಲುತ್ತದೆ. ಹೊಸ ಆವೃತ್ತಿಯಲ್ಲಿ ಉಳಿಸಿದ ಪ್ರಾಜೆಕ್ಟ್ ಹಳೇದರಲ್ಲಿ ತೆರೆಯದೇ ಇರುವುದೂ ಉಂಟು. ಹಾಗಾದಾಗ ಹಿಂದಿರುಗುವ ದಾರಿಯೇ ಮುಚ್ಚುತ್ತದೆ. ಒಂದು ಯಂತ್ರ ಇಲ್ಲಿಗೆ ಪೂರ್ತಿಯಾಯಿತು, ಇನ್ನು ದೋಷ ಮಾತ್ರ ಸರಿಪಡಿಸುತ್ತೇವೆ ಎಂದು ಹೇಳುವ ಧೈರ್ಯ ಕಂಪನಿಗಳಿಗೆ ಬರಬೇಕು. ಅದನ್ನು ಕೇಳಿ ಯಂತ್ರ ಸತ್ತಿತು ಎಂದು ಗೋಳಾಡದ ತಾಳ್ಮೆ ನಮಗೂ ಬೇಕು.

ಕಾನೂನು ಎಲ್ಲಿ ನಿಂತಿದೆ

ಯುರೋಪಿನ ಒಕ್ಕೂಟ ಈ ವಿಷಯದಲ್ಲಿ ಮುಂದಿದೆ. ಸಾಫ್ಟ್‌ವೇರ್ ಒಳಗೊಂಡ ವಸ್ತುಗಳ ಮಾರಾಟದ ಬಗ್ಗೆ 2019ರಲ್ಲಿ ಮಾಡಿದ ನಿರ್ದೇಶನ 2022ರ ಜನವರಿ 1ರಿಂದ ಅನ್ವಯವಾಗುತ್ತಿದೆ. ವಸ್ತು ಹೇಳಿದಂತೆ ಕೆಲಸ ಮಾಡುತ್ತಿರಲು ಬೇಕಾದ ಅಪ್‌ಡೇಟ್‌ಗಳು, ಗ್ರಾಹಕರು ನ್ಯಾಯವಾಗಿ ನಿರೀಕ್ಷಿಸಬಹುದಾದಷ್ಟು ಕಾಲ, ಸಿಗಬೇಕು ಎನ್ನುತ್ತದೆ ಅದು. ಹೊಸ ಗುಣ ಕೊಡಬೇಕು ಎಂದು ಅದು ಹೇಳುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಸೈಬರ್ ರೆಸಿಲಿಯನ್ಸ್ ಆ್ಯಕ್ಟ್ ಇನ್ನಷ್ಟು ಖಚಿತ. ಇದರ ಮುಖ್ಯ ನಿಯಮಗಳು 2027ರ ಡಿಸೆಂಬರ್ 11ರಿಂದ ಅನ್ವಯವಾಗುತ್ತವೆ. ಇನ್ನೊಂದು ಸಾಧನಕ್ಕೋ ನೆಟ್‌ವರ್ಕ್‌ಗೋ ಜೋಡಿಸುವ ಬಹುಪಾಲು ಡಿಜಿಟಲ್ ವಸ್ತುಗಳು ಇದರ ವ್ಯಾಪ್ತಿಗೆ ಬರುತ್ತವೆ. ಭದ್ರತೆಯ ಬೆಂಬಲ ಕನಿಷ್ಠ 5 ವರ್ಷ ಇರಬೇಕು, ವಸ್ತುವಿನ ಬಳಕೆಯ ಕಾಲವೇ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ವಿನಾಯಿತಿ. ಆ ಅಪ್‌ಡೇಟ್‌ಗಳು ಉಚಿತವಾಗಿರಬೇಕು. ತಾಂತ್ರಿಕವಾಗಿ ಸಾಧ್ಯವಿದ್ದಲ್ಲಿ ಅವನ್ನು ಹೊಸ ಗುಣಗಳ ಅಪ್‌ಡೇಟ್‌ನಿಂದ ಬೇರೆಯಾಗಿ ಕೊಡಬೇಕು. ಬೆಂಬಲ ಯಾವ ತಿಂಗಳು, ಯಾವ ವರ್ಷ ಮುಗಿಯುತ್ತದೆ ಎಂದು ಮಾರುವಾಗಲೇ ತಿಳಿಸಬೇಕು.

ಈ ಕೊನೆಯ ಎರಡು ಅಂಶಗಳನ್ನು ಸಿಂಥ್ ಕಂಪನಿಗಳು ಭದ್ರತೆಗಷ್ಟೇ ಅಲ್ಲ, ಎಲ್ಲ ದೋಷಗಳಿಗೂ ತಾವಾಗಿಯೇ ಅನ್ವಯಿಸಿಕೊಂಡರೆ ಈ ಜಗಳದ ಮುಕ್ಕಾಲು ಪಾಲು ಕರಗುತ್ತದೆ. ದೋಷದ ಅಪ್‌ಡೇಟ್ ಬೇರೆ, ಹೊಸ ಗುಣದ್ದು ಬೇರೆ. ಕೊನೆಯ ದಿನಾಂಕ ಡಬ್ಬದ ಮೇಲೆ. ಹಳೇ ಯಂತ್ರ ಇಟ್ಟುಕೊಂಡ ತಾವು ಎರಡನೇ ದರ್ಜೆಯ ಮಾಲೀಕರು ಎಂಬ ಭಾವನೆ ಆಗ ಯಾರಿಗೂ ಬರುವುದಿಲ್ಲ.

ಆ ಕೊನೆಯ ದಿನಾಂಕದ ನಂತರ ಏನು? ಆಕ್ಸೆಸ್ ಕಂಪನಿಯ ವೈರಸ್ ಟಿಐ ಸಿಂಥ್ ತನ್ನ ಕಾಲದಲ್ಲಿ ವರ್ಷಗಟ್ಟಲೆ ಉಚಿತ ಅಪ್‌ಡೇಟ್ ಪಡೆದ ವಾದ್ಯ. ಕಂಪ್ಯೂಟರ್‌ನೊಳಗಿನ ಪ್ಲಗಿನ್‌ನಂತೆ ನಡೆಯುವುದು ಅದರ ಹೆಗ್ಗಳಿಕೆಯಾಗಿತ್ತು. ಅಪ್‌ಡೇಟ್ ನಿಂತ ಮೇಲೆ, ಹೊಸ ಕಂಪ್ಯೂಟರ್‌ಗಳ ಜೊತೆ ಆ ಕೊಂಡಿ ಕೈಕೊಡತೊಡಗಿತು. ಮಿಡಿ ಕೇಬಲ್ ಹಾಕಿದರೆ ಸಿಂಥ್ ಈಗಲೂ ನುಡಿಯುತ್ತದೆ. 1983ರಲ್ಲಿ ಬಂದ ಮಿಡಿಯ ಗಟ್ಟಿತನ ಅದು. ಯಂತ್ರಕ್ಕೆ ಕಂಪ್ಯೂಟರ್‌ನ ಹಂಗು ಎಷ್ಟು ಕಡಿಮೆಯೋ ಅದರ ಆಯುಸ್ಸು ಅಷ್ಟು ಜಾಸ್ತಿ.

ಇನ್ನೊಂದು ದಾರಿ ಇದೆ, ನನಗೆ ಅತಿ ಇಷ್ಟವಾದ ದಾರಿ. ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ತನ್ನ ಮಾಡ್ಯೂಲ್‌ಗಳ (ಜೋಡಿಸಿ ಸಿಂಥ್ ಕಟ್ಟುವ ಬಿಡಿ ಘಟಕಗಳ) ಸೋರ್ಸ್ ಕೋಡನ್ನು ಎಲ್ಲರಿಗೂ ತೆರೆದಿಟ್ಟಿತ್ತು. ಕ್ಲೌಡ್ಸ್ ಎಂಬ ಮಾಡ್ಯೂಲ್‌ಗೆ ಪ್ಯಾರಸೈಟ್ಸ್ ಎಂಬ ಪರ್ಯಾಯ ಫರ್ಮ್‌ವೇರ್ ಹುಟ್ಟಿದ್ದು ಅದರಿಂದ. ಪ್ಲೇಟ್ಸ್ ಮಾಡ್ಯೂಲ್‌ನ ಕೋಡ್ ಮೈಕ್ರೋಫ್ರೀಕ್ ಒಳಗೆ ಸೇರಿದ್ದೂ ಅದರಿಂದಲೇ. 2022ರಲ್ಲಿ ಕಂಪನಿ ಕೆಲಸ ನಿಲ್ಲಿಸಿತು, ಆದರೆ ಕೋಡ್ ಉಳಿಯಿತು. ನ್ಯೂಜಿಲೆಂಡಿನ ಸಿಂಥ್‌ಸ್ಟ್ರಾಮ್ 2023ರಲ್ಲಿ ತನ್ನ ಡೆಲ್ಯೂಜ್ ಯಂತ್ರದ ಫರ್ಮ್‌ವೇರನ್ನು ತೆರೆದಿಟ್ಟಿತು. ಇವರು ವ್ಯಾಪಾರ ಮುಚ್ಚಿ ಹೋಗುವಾಗ ಕೊಟ್ಟದ್ದಲ್ಲ, ಯಂತ್ರ ಮಾರುತ್ತಿರುವಾಗಲೇ ತೆರೆದದ್ದು. ಬಳಕೆದಾರರೇ ಸೇರಿ ಕಟ್ಟಿದ ಆವೃತ್ತಿಯಲ್ಲಿ ಆಟೊಮೇಷನ್ (ಹಾಡಿನುದ್ದಕ್ಕೂ ತಾನಾಗಿ ಬದಲಾಗುವ ಸೆಟ್ಟಿಂಗ್) ನೋಡಿ ತಿದ್ದುವ ಹೊಸ ಪರದೆಯಂಥ ಗುಣಗಳು ಬಂದವು. ಹಾಗಂತ ಎಲ್ಲ ಕಂಪನಿಗೂ ಇದು ಸುಲಭವಲ್ಲ. ಹೊರಗಿನವರಿಂದ ಲೈಸೆನ್ಸ್ ಪಡೆದ ಕೋಡ್ ಒಳಗಿದ್ದರೆ ಅದನ್ನು ತೆರೆಯುವ ಹಕ್ಕು ಇರುವುದಿಲ್ಲ. ಮುಂದಿನ ಯಂತ್ರದಲ್ಲೂ ಅದೇ ಎಂಜಿನ್ ಓಡುತ್ತಿದ್ದರೆ ತೆರೆಯಲು ಮನಸ್ಸೂ ಬರುವುದಿಲ್ಲ. ಆಗಲೂ ಕನಿಷ್ಠ ಎರಡು ಕೆಲಸ ಮಾಡಬಹುದು. ಪ್ರಾಜೆಕ್ಟ್ ಫೈಲ್‌ಗಳ ರಚನೆಯನ್ನು ಬರೆದು ಪ್ರಕಟಿಸಬಹುದು. ಹಳೇ ಆವೃತ್ತಿಗಳನ್ನು ಡೌನ್‌ಲೋಡ್‌ಗೆ ಬಿಡಬಹುದು.

ಹಾಗೆ ಬಿಡದ ಕಂಪನಿಗಳೂ ಇವೆ, ಅದಕ್ಕೇ ಯಂತ್ರ ಇರುವವರಿಗೆ ಒಂದು ಮಾತು. ನಿಮ್ಮ ಯಂತ್ರದಲ್ಲಿ ಈಗ ಸರಿಯಾಗಿ ಓಡುತ್ತಿರುವ ಫರ್ಮ್‌ವೇರ್ ಫೈಲನ್ನು ಇವತ್ತೇ ಇಳಿಸಿ, ಪ್ರಾಜೆಕ್ಟ್‌ಗಳ ಜೊತೆ ಇಟ್ಟುಕೊಳ್ಳಿ. ಆವೃತ್ತಿಯ ಸಂಖ್ಯೆಯನ್ನು ಫೋಲ್ಡರ್‌ನ ಹೆಸರಿನಲ್ಲೇ ಬರೆಯಿರಿ. ಹೊಸದನ್ನು ಹಾಕುವ ಮೊದಲು ಬದಲಾವಣೆಗಳ ಪಟ್ಟಿಯನ್ನು ಪೂರ್ತಿ ಓದಿ, ಹಳೇದಕ್ಕೆ ಮರಳಲು ಆಗುತ್ತದೆಯೇ ಎಂದು ನೋಡಿಕೊಳ್ಳಿ. ಕಾರ್ಯಕ್ರಮ ಹತ್ತಿರವಿದ್ದರೆ, ಅದು ಮುಗಿಯುವ ತನಕ ಯಾವ ಅಪ್‌ಡೇಟನ್ನೂ ಮುಟ್ಟಬೇಡಿ.